ಹಜರತ್ತರ ಮನೆಯಲ್ಲಿ ಕಲಿತ ಲೆಕ್ಕ

ತಪಾಸಣೆ ಮುಗಿಸಿ ಇನ್‌ಸ್ಪೆಕ್ಟರು ಬಸ್ಸು ಹತ್ತಿದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲಿದ್ದ ತಪಾಸಣೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟು, ಕಿಟಕಿಯ ಕಡೆ ನೋಡುತ್ತ ಕೂತರು. ಎಂಟನೇ ತರಗತಿಯ ಸರ್ಕಾರಿ ಪರೀಕ್ಷೆಗೆ ಕಳೆದ ಸಲ ಕೂತ ಹತ್ತೊಂಬತ್ತು ಮಕ್ಕಳಲ್ಲಿ ಪಾಸಾದವರು ನಾಲ್ವರು. ಉಳಿದವರಲ್ಲಿ ಹೆಚ್ಚಿನವರು ಬಿದ್ದದ್ದು ಲೆಕ್ಕದಲ್ಲಿ. ಬರುವ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಾದರೂ ಪಾಸಾಗದಿದ್ದರೆ ಆರು, ಏಳು, ಎಂಟನೇ ತರಗತಿಗಳನ್ನು ಮುಚ್ಚಲು ಶಿಫಾರಸು ಮಾಡುತ್ತೇನೆ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಆ ಮೂರು ತರಗತಿಗಳಿಗೂ ಲೆಕ್ಕ ಹೇಳುತ್ತಿದ್ದವನು ನಾನೊಬ್ಬನೇ.

ಅರವತ್ತರ ದಶಕದ ನಡುವಿನ ಮಾತು. ಮಧುರೆ ಕಡೆಯ ಕಂಬಂ ಕಣಿವೆಯ ಒಂದು ಊರಿನಲ್ಲಿ ಮುಸ್ಲಿಂ ಹಿರಿಯರು ಮಸೀದಿಯ ಪಕ್ಕದಲ್ಲಿ ನಡೆಸುತ್ತಿದ್ದ ಶಾಲೆ ಅದು. ಶುಕ್ರವಾರ ರಜೆ, ಭಾನುವಾರ ಪಾಠ. ನಾನು ದಿಂಡಿಗಲ್‌ನಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಕಾಮಯಗೌಂಡನ್‌ಪಟ್ಟಿಯ ನಮ್ಮ ಮನೆಯಿಂದ ದಿನಾ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಆಡುವುದು ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯವರ ಮಾತೆಲ್ಲ ತಮಿಳೇ; ಮೇಷ್ಟರಾದ ನಾನು ಅವರಿಗೆ ‘ವಾದ್ಯಾರ್’. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದವರು ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ ಮಾಡುತ್ತಿದ್ದ ಹಿರಿಯರು. ಎಲ್ಲರೂ ಅವರನ್ನು ರಾವುತ್ತರು ಎಂದೇ ಕರೆಯುತ್ತಿದ್ದರು. ಮರುದಿನ ಅವರು ಬಂದು ಪುಸ್ತಕ ನೋಡಿ, ಸಿಟ್ಟು ಮಾಡಲಿಲ್ಲ. “ಗಂಡು ಹುಡುಗರು ಹೇಗೋ ದೊಡ್ಡ ಸ್ಕೂಲಿಗೆ ಹೋಗ್ತಾರೆ ವಾದ್ಯಾರೇ. ಹೆಣ್ಣು ಮಕ್ಕಳನ್ನ ಈ ಬೀದಿ ದಾಟಿಸಿ ಯಾರೂ ಕಳಿಸಲ್ಲ. ಇಲ್ಲಿ ಕ್ಲಾಸು ಮುಚ್ಚಿದರೆ ಅವರ ಓದೂ ಮುಚ್ಚಿತು,” ಅಂದರು. ಎಂಟನೇ ತರಗತಿಯಲ್ಲಿ ಆ ವರ್ಷ ಇಪ್ಪತ್ತಮೂರು ಮಕ್ಕಳು. ಅವರಲ್ಲಿ ಏಳು ಹೆಣ್ಣು ಮಕ್ಕಳು.

ನಾನು ಹೊಸಬರೆಲ್ಲ ಮಾಡುವುದನ್ನೇ ಮಾಡಿದೆ. ಹೆಚ್ಚು ಲೆಕ್ಕ ಕೊಟ್ಟೆ. ಸಂಜೆ ಒಂದು ಗಂಟೆ ಹೆಚ್ಚಿಗೆ ಕೂರಿಸಿದೆ. ಬೆತ್ತವನ್ನೂ ಹಿಡಿದೆ, ಹೇಳಿಕೊಳ್ಳಲು ನಾಚಿಕೆ, ಆದರೆ ಹಿಡಿದದ್ದು ನಿಜ. ಬೋರ್ಡಿನ ಮೇಲೆ ಲೆಕ್ಕ ಮಾಡಿ “ಅರ್ಥವಾಯ್ತಾ?” ಎಂದರೆ ಇಪ್ಪತ್ತಮೂರು ಕಂಠ ಒಟ್ಟಿಗೆ “ಆಯ್ತು ಸಾರ್” ಎನ್ನುತ್ತಿತ್ತು. ಜುಲೈ ಕೊನೆಯಲ್ಲಿ ಪರೀಕ್ಷೆ ಕೊಟ್ಟು ನೋಡಿದರೆ ಪಾಸಾದವರು ಮೂವರು.

ಹನ್ನೊಂದು ಗಂಟೆಯ ಹೊತ್ತಿಗೆ ಮಕ್ಕಳು ತೂಕಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬೆಳಗಿನ ನಮಾಜು ಮುಗಿದ ಕೂಡಲೇ ಅವರೆಲ್ಲ ಖುರಾನ್ ಪಾಠಕ್ಕೆ ಹಜರತ್ತರ ಮನೆಗೆ ಹೋಗುತ್ತಿದ್ದರು. ಹಜರತ್ ಅಂದರೆ ಆ ಊರಿನ ಮಕ್ಕಳಿಗೆಲ್ಲ ಖುರಾನ್ ಕಲಿಸುವ ಗುರುಗಳು, ಅರವತ್ತು ದಾಟಿದವರು. ಎರಡು ಗಂಟೆ ಅಲ್ಲಿ ಕೂತು, ಮನೆಗೆ ಓಡಿ ಏನಾದರೂ ತಿಂದು ಶಾಲೆಗೆ ಬರುತ್ತಿದ್ದರು. ನನಗೆ ಕಾರಣ ಸಿಕ್ಕಿತು ಅನ್ನಿಸಿತು. ಖುರಾನ್ ಪಾಠವನ್ನು ಸಂಜೆಗೆ ಬದಲಾಯಿಸಬೇಕೆಂದು ರಾವುತ್ತರಿಗೆ ಎರಡು ಪುಟದ ಅರ್ಜಿ ಬರೆದೆ. ಸೋಲಿಗೆ ಬೇರೆಯವರ ವಿಳಾಸ ಬರೆದು ಕಳಿಸಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಅರ್ಜಿಯ ಸುದ್ದಿ ಊರಲ್ಲಿ ಹರಡಿತು. ಎರಡು ದಿನ ಬಾಗಿಲಲ್ಲಿ ನಿಂತವರು ನನ್ನ ನಮಸ್ಕಾರಕ್ಕೆ ಸರಿಯಾಗಿ ಮುಖ ಕೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹಜರತ್ತರೇ ಶಾಲೆಯ ಜಗಲಿಗೆ ಬಂದರು. ನಾನು ಎದ್ದು ನಿಂತೆ.

“ವಾದ್ಯಾರೇ, ನನ್ನ ಪಾಠ ಹೇಗೆ ನಡೆಯುತ್ತೆ ಅಂತ ನೋಡಿದ್ದೀರಾ?”

“ಇಲ್ಲ ಹಜರತ್.”

“ನೋಡದೇ ಎರಡು ಪುಟ ಬರೆದಿರಾ?”

ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ. “ನಾಳೆ ಬನ್ನಿ. ನೋಡಿ. ಆಮೇಲೂ ನಿಮಗೆ ಹಾಗೇ ಅನ್ನಿಸಿದರೆ ನಾನೇ ರಾವುತ್ತರ ಹತ್ತಿರ ಬಂದು ಪಾಠ ಸಂಜೆಗೆ ಇಡೋಣ ಅಂತೀನಿ,” ಅಂದರು.

ಮರುದಿನ ಇನ್ನೂ ಬೆಳಕು ಸರಿಯಾಗಿ ಹರಿಯುವ ಮುಂಚೆ ಸೈಕಲ್ಲು ತೆಗೆಯುವಾಗ ಅವ್ವ ಕೊಟ್ಟಿಗೆಯಿಂದ ಕೂಗಿದಳು. “ಏನ್ಲಾ, ಇಷ್ಟೊತ್ಗೇ ಎಲ್ಲಿಗ್ಲಾ ಹೊಂಟೆ?”

“ಹಜರತ್ತರ ಮನೇಗವ್ವಾ.”

“ಪಾಡ ಯೋಳಕ್ಕಾ?”

“ಇಲ್ಲವ್ವಾ, ನೋಡಕ್ಕೆ.”

“ಅಂಗಾದ್ರೆ ಒಟ್ಟೆಗೇನಾರ ಆಕ್ಕಂಡು ಓಗು,” ಎಂದು ಒಂದು ಲೋಟ ಕಂಬಿನ, ಅಂದರೆ ಸಜ್ಜೆಯ, ಗಂಜಿ ತಂದು ಕೊಟ್ಟಳು.

ಹಜರತ್ತರ ಮನೆಯ ಜಗಲಿಯಲ್ಲಿ ಗಂಡು ಮಕ್ಕಳು, ಒಳಗಿನ ಹಜಾರದಲ್ಲಿ ಹೆಣ್ಣು ಮಕ್ಕಳು. ಒಟ್ಟು ಅರವತ್ತಕ್ಕೆ ಕಡಿಮೆ ಇರಲಿಲ್ಲ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದರು. ದೂರದಿಂದ ಕೇಳಿದರೆ ಬರೀ ಗದ್ದಲ. ನನಗೊಂದು ಚಾಪೆ ಹಾಸಿ ಕೂರಿಸಿದರು. ಕೂತು ಹತ್ತು ನಿಮಿಷವಾದ ಮೇಲೆ ಗದ್ದಲದ ಒಳಗಿನ ವ್ಯವಸ್ಥೆ ಕಾಣತೊಡಗಿತು.

ಯಾವ ಇಬ್ಬರು ಮಕ್ಕಳೂ ಒಂದೇ ಪಾಠ ಓದುತ್ತಿರಲಿಲ್ಲ. ಒಬ್ಬೊಬ್ಬರೂ ತಾವು ನಿನ್ನೆ ನಿಲ್ಲಿಸಿದ ಜಾಗದಿಂದ ಹೊರಟಿದ್ದರು. ಹಜರತ್ತರು ದೊಡ್ಡ ಮಕ್ಕಳಲ್ಲಿ ಹತ್ತು ಜನರನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಅವರ ಪಾಠ ಕೇಳಿದರು. ತಪ್ಪಿದರೆ ಬೆರಳೆತ್ತುತ್ತಿದ್ದರು, ಅಷ್ಟೇ. ಮಗು ತಾನೇ ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುತ್ತಿತ್ತು. ಸರಿಯಾದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಆಮೇಲೆ ಆ ಹತ್ತು ಮಂದಿ ಚಿಕ್ಕವರ ಪಾಠ ಕೇಳುತ್ತಿದ್ದರು. ಒಳಗೆ ಹಜರತ್ತರ ಹೆಂಡತಿ ದೊಡ್ಡ ಹುಡುಗಿಯರ ಪಾಠ ಕೇಳುತ್ತಿದ್ದರು. ಚುಕ್ಕೆ ಬೀಳದೆ ಯಾರೂ ಮುಂದಿನ ಸಾಲಿಗೆ ಹೋಗುವಂತಿಲ್ಲ. ಎರಡು ಗಂಟೆಯಲ್ಲಿ ಪ್ರತಿಯೊಂದು ಮಗುವಿನ ದನಿಯನ್ನೂ ಬೇರೆಯಾಗಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು.

ತಮಿಳಿನಲ್ಲಿ ಖುರಾನ್ ಪಠಿಸುವುದಕ್ಕೆ ‘ಓದುವುದು’ ಅನ್ನುತ್ತಾರೆ, ಶಾಲೆಯ ಓದಿಗೆ ‘ಪಡಿಪ್ಪು’. ನಮ್ಮ ಮನೆಮಾತಿನಲ್ಲಿ ಎರಡಕ್ಕೂ ಓದೇ. ಆ ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಎರಡು ವರ್ಷದಲ್ಲಿ ನಾನು ನನ್ನ ತರಗತಿಯ ಒಂದು ಮಗುವನ್ನಾದರೂ ಹೀಗೆ ಒಂಟಿಯಾಗಿ ಕೂರಿಸಿ ಕೇಳಿದ್ದೇನೆಯೇ ಎಂದು ಯೋಚಿಸಿದೆ. ಕೇಳಿರಲಿಲ್ಲ.

ಒಳಗಿನಿಂದ ಒಂದು ಹುಡುಗಿಯ ದನಿ ತಡೆಯಿಲ್ಲದೆ ಬರುತ್ತಿತ್ತು. ಬಗ್ಗಿ ನೋಡಿದರೆ ನಮ್ಮ ಎಂಟನೇ ತರಗತಿಯವಳು. ನನ್ನ ಪಾಠದಲ್ಲಿ ಒಮ್ಮೆಯೂ ಬಾಯಿ ಬಿಡದವಳು. ಬೋರ್ಡಿನ ಲೆಕ್ಕವನ್ನು ತಪ್ಪು ತಪ್ಪಾಗಿ ಬರೆದುಕೊಂಡದ್ದಕ್ಕೆ ನನ್ನಿಂದ ಏಟು ತಿಂದವಳು. ಪುಸ್ತಕ ಅವಳ ಮೂಗಿಗೆ ತಗಲುವಷ್ಟು ಹತ್ತಿರವಿತ್ತು.

ಹಜರತ್ತರು ನಾನು ನೋಡುವುದನ್ನು ನೋಡಿದರು. “ಅವಳಿಗೆ ದೂರದ್ದು ಕಾಣಲ್ಲ. ಮಸೀದಿಯ ಗಡಿಯಾರ ನೋಡಿ ಹೊತ್ತು ಹೇಳು ಅಂದೆ ಒಂದು ಸಲ. ಗಡಿಯಾರ ಎಲ್ಲಿದೆ ಅಂದಳು. ನಿಮ್ಮ ಕ್ಲಾಸಿನಲ್ಲಿ ಎಲ್ಲಿ ಕೂರುತ್ತಾಳೆ?”

ಹೆಣ್ಣು ಮಕ್ಕಳೆಲ್ಲ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಹುಡುಗರ ಹಿಂದೆ. ನಾನು ಸೇರುವ ಮುಂಚಿನಿಂದಲೂ ಹಾಗೇ ಇತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ.

ಅಂದು ಸಂಜೆಯೇ ರಾವುತ್ತರ ಮನೆಗೆ ಹೋಗಿ ನನ್ನ ಅರ್ಜಿ ವಾಪಸ್ಸು ಕೇಳಿದೆ. ಅವರು ಕಾರಣ ಕೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು ಕೊಟ್ಟು, “ಟೀ ಕುಡಿದು ಹೋಗಿ,” ಅಂದರು.

ಮರುದಿನದಿಂದ ಬೆಂಚುಗಳನ್ನು ತಿರುಗಿಸಿದೆ. ಎಡಗಡೆ ಹೆಣ್ಣು ಮಕ್ಕಳು, ಬಲಗಡೆ ಗಂಡು ಮಕ್ಕಳು, ಇಬ್ಬರಿಗೂ ಬೋರ್ಡು ಒಂದೇ ದೂರ. ಆಮೇಲೆ ಒಂದು ವಾರ ಪಾಠ ಮಾಡಲೇ ಇಲ್ಲ. ಒಂದೊಂದು ಮಗುವನ್ನೂ ಮೇಜಿನ ಹತ್ತಿರ ಕರೆದು, ಕೂಡುವುದರಿಂದ ಶುರುಮಾಡಿ, ಎಲ್ಲಿ ತಡವರಿಸುತ್ತದೋ ಅಲ್ಲಿ ನಿಲ್ಲಿಸಿ, ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ವಾರದ ಕೊನೆಗೆ ನೋಡಿದರೆ ಹನ್ನೊಂದು ಮಕ್ಕಳಿಗೆ ಎರಡಂಕಿಯ ಭಾಗಾಕಾರ ಬರುತ್ತಿರಲಿಲ್ಲ. ಅದು ನಾಲ್ಕನೇ ತರಗತಿಯ ಪಾಠ. ನಾನು ಅವರಿಗೆ ಬಡ್ಡಿಯ ಲೆಕ್ಕ, ಕ್ಷೇತ್ರಫಲ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ.

ಆರು ವಾರ ಎಂಟನೇ ತರಗತಿಯ ಪಾಠ ಬಿಟ್ಟು ಹಿಂದಕ್ಕೆ ಹೋಗಬೇಕು ಎಂದು ನಿರ್ಧರಿಸಿದೆ. ಅದಕ್ಕೆ ಹೆಡ್‌ಮಾಸ್ಟರ ಒಪ್ಪಿಗೆ ಬೇಕಿತ್ತು. ಪ್ರತಿ ವಾರದ ಪಾಠ ಟಿಪ್ಪಣಿಗೆ ಅವರ ಸಹಿ ಆಗಬೇಕು. ಇನ್‌ಸ್ಪೆಕ್ಟರು ಬಂದರೆ ಮೊದಲು ನೋಡುವುದೇ ಅದನ್ನು. ಆ ಶಾಲಾ ವರ್ಷದ ಕೊನೆಗೆ ಅವರಿಗೆ ನಿವೃತ್ತಿ. ಈ ಹೊತ್ತಿನಲ್ಲಿ ಒಂದು ಕಪ್ಪು ಚುಕ್ಕೆ ಬಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

“ಪಾಠ ಮುಗಿಯದೇ ಇದ್ದರೆ?” ಅಂದರು.

“ಮುಗಿದರೂ ಅವರು ಬೀಳ್ತಾರೆ ಸಾರ್. ಹೋದ ವರ್ಷ ಮುಗಿಸಿದ್ದೆನಲ್ಲ.”

ಅವರು ಬಹಳ ಹೊತ್ತು ನನ್ನ ನೋಟ್‌ಬುಕ್ಕಿನ ಪುಟ ತಿರುವಿದರು. “ಟಿಪ್ಪಣಿಯಲ್ಲಿ ಸುಳ್ಳು ಬರೆಯಬೇಡಿ. ನಾಲ್ಕನೇ ಕ್ಲಾಸಿನ ಭಾಗಾಕಾರ ಅಂತಲೇ ಬರೆಯಿರಿ. ನಾನು ಸಹಿ ಹಾಕ್ತೀನಿ,” ಅಂದರು. ಅಳುಕಿನ ಮನುಷ್ಯ ಎಂದು ನಾವೆಲ್ಲ ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಆ ಸಹಿಯಷ್ಟು ಧೈರ್ಯದ ಕೆಲಸವನ್ನು ಆ ಶಾಲೆಯಲ್ಲಿ ಬೇರೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ತರಗತಿಯ ಆರು ಚುರುಕು ಮಕ್ಕಳನ್ನು ಆರಿಸಿದೆ, ಅವರಲ್ಲಿ ಇಬ್ಬರು ಹುಡುಗಿಯರು. ಶಾಲೆ ಶುರುವಾಗುವ ಮೊದಲು ಅವರ ಲೆಕ್ಕ ನಾನು ಕೇಳುವುದು. ಪಾಠದ ಹೊತ್ತಿನಲ್ಲಿ ಅವರು ಒಬ್ಬೊಬ್ಬರೂ ಇಬ್ಬರದೋ ಮೂವರದೋ ಕೇಳುವುದು. ಮಗು ಲೆಕ್ಕ ಮಾಡುತ್ತ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು. ತಪ್ಪಿದರೆ ಬೆರಳೆತ್ತುವುದು, ಉತ್ತರ ಹೇಳಿಕೊಡಬಾರದು. ಸರಿಯಾದರೆ ಅಂಚಿನಲ್ಲಿ ಚುಕ್ಕೆ. ಬೆತ್ತವನ್ನು ಅಟ್ಟಕ್ಕೆ ಎಸೆದೆ. ಪಕ್ಕದ ತರಗತಿಯ ಮೇಷ್ಟರು ಗದ್ದಲ ತಡೆಯಲಾರದೆ ಎರಡು ಸಲ ದೂರು ಕೊಟ್ಟರು.

ಮಧುರೆಯಲ್ಲಿ ಕಣ್ಣು ತೋರಿಸಿ ಕನ್ನಡಕ ಕೊಡಿಸಿ ಎಂದು ಕೇಳಲು, ದೂರದ್ದು ಕಾಣದ ಹುಡುಗಿಯ ಮನೆಗೆ ಹಜರತ್ತರೂ ಅವರ ಹೆಂಡತಿಯೂ ನನ್ನ ಜೊತೆ ಬಂದರು. ತಾಯಿಯಿಲ್ಲದ ಮಗು. ತಂದೆ ಏಲಕ್ಕಿ ತೋಟದ ಕೆಲಸಕ್ಕೆಂದು ಬೆಟ್ಟದ ಮೇಲೇ ಇರುತ್ತಿದ್ದ. ಸಾಕಿದ್ದು ಅಜ್ಜಿ. ಆಕೆ ಬಾಗಿಲ ಮರೆಯಲ್ಲೇ ನಿಂತು ಮಾತಾಡಿದಳು.

“ಕನ್ನಡಕ ಹಾಕಿದ ಹುಡುಗೀನ ಯಾರು ಕಟ್ಟಿಕೊಳ್ತಾರೆ ಹಜರತ್?”

ಹಜರತ್ತರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಹೇಳಿದರು: “ಮನೆ ಬಾಗಿಲಲ್ಲಿ ನಿಂತಿರೋದು ಗಂಡನೋ ಮಾವನೋ ಅಂತ ಗೊತ್ತಾಗದವಳನ್ನ ಯಾರು ಕಟ್ಟಿಕೊಳ್ತಾರಮ್ಮಾ?”

ಆಮೇಲೆ ಅಜ್ಜಿ ಕೇಳಿದಳು, “ಮಧುರೆಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ?”

ಹಜರತ್ತರ ಹೆಂಡತಿಯೇ ಅವರಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕನ್ನಡಕ ಬಂದ ದಿನ ಆ ಹುಡುಗಿ ತರಗತಿಗೆ ಬಂದು ಬೋರ್ಡು ನೋಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. ಎಷ್ಟು ಕರೆದರೂ ತಿರುಗಲಿಲ್ಲ. “ಸಾರ್, ಬೆಟ್ಟದ ಮೇಲೆ ಮರ ಇದೆ,” ಅಂದಳು. ಅಲ್ಲಿಯವರೆಗೆ ಅವಳಿಗೆ ಪಶ್ಚಿಮದ ಬೆಟ್ಟ ಬರೀ ನೀಲಿ ಬಣ್ಣವಾಗಿತ್ತು. ಅವಳಿಗೆ ನಾನು ಕೊಟ್ಟಿದ್ದ ಏಟುಗಳು ಆ ಕ್ಷಣ ನನ್ನ ಅಂಗೈಯಲ್ಲಿ ಉರಿದವು.

ಎಲ್ಲವೂ ನೆಟ್ಟಗೆ ನಡೆಯಿತು ಅಂತಲ್ಲ. ಸೆಪ್ಟೆಂಬರಿನಲ್ಲಿ ಏಲಕ್ಕಿ ಕೊಯ್ಲಿಗೆ ನಾಲ್ಕು ಮಕ್ಕಳು ಅಪ್ಪಂದಿರ ಜೊತೆ ಬೆಟ್ಟ ಹತ್ತಿಬಿಟ್ಟರು. ರಾವುತ್ತರಿಗೆ ಹೇಳಿದೆ. ಕೊಯ್ಲಿಗೆ ಕೈ ಕಡಿಮೆಯಾದರೆ ನಷ್ಟವಾಗುವುದು ಅವರಂಥ ವ್ಯಾಪಾರಿಗಳಿಗೇ. ಆದರೂ ತೋಟಗಳಿಗೆ ಹೋಗುವ ಜೀಪಿನಲ್ಲಿ ಹೇಳಿ ಕಳಿಸಿ, ಹತ್ತು ದಿನದಲ್ಲಿ ನಾಲ್ವರನ್ನೂ ಇಳಿಸಿದರು. ಹಾಗಿದ್ದೂ ಆ ತಿಂಗಳ ಪರೀಕ್ಷೆಯಲ್ಲಿ ಪಾಸಾದವರು ಆರೇ ಮಂದಿ. ಹೆಡ್‌ಮಾಸ್ಟರು ಪಟ್ಟಿಯನ್ನು ನೋಡಿ ಸಹಿ ಹಾಕಿ ಹಿಂದಿರುಗಿಸಿದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾಗಾಕಾರ ದಾಟಿದವರು ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಿದ್ದರು. ಆರರಲ್ಲೊಂದು ಪಾಲಿಗೆ ಎಂಟರಲ್ಲೊಂದು ಪಾಲು ಕೂಡಿಸು ಎಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಹದಿನಾಲ್ಕರಲ್ಲಿ ಎರಡು ಎಂದು ಬರೆಯುತ್ತಿದ್ದರು. ನಾನು ನಿಯಮ ಹೇಳಿದೆ, ಅವರು ಬಾಯಿಪಾಠ ಮಾಡಿದರು, ಮರುದಿನ ಮತ್ತೆ ಹದಿನಾಲ್ಕರಲ್ಲಿ ಎರಡು. ಈ ಗೋಳನ್ನು ಹಜರತ್ತರಿಗೆ ಹೇಳಿಕೊಂಡಾಗ ಅವರು ನಕ್ಕರು. “ಇದು ನಾವು ಆಸ್ತಿ ಪಾಲು ಮಾಡೋ ಲೆಕ್ಕ ಅಲ್ವಾ? ನಿಮ್ಮ ಕ್ಲಾಸಿಗೆ ಒಂದು ದಿನ ನಾನು ಬರಲಾ?”

ಬಂದರು. ಕುರ್ಚಿಯಲ್ಲಿ ಕೂರಲಿಲ್ಲ. ಮಕ್ಕಳ ಬೆಂಚಿನ ತುದಿಯಲ್ಲೇ ಕೂತರು.

“ಒಬ್ಬರು ಇಪ್ಪತ್ನಾಲ್ಕು ತೆಂಗಿನ ಮರ ಬಿಟ್ಟು ತೀರಿಕೊಂಡರು. ಮನೆಯಲ್ಲಿ ಹೆಂಡತಿ, ತಾಯಿ, ಒಬ್ಬನೇ ಮಗ. ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ತಾಯಿಗೆ ಆರರಲ್ಲಿ ಒಂದು. ಉಳಿದದ್ದು ಮಗನಿಗೆ. ಯಾರಿಗೆ ಎಷ್ಟು ಮರ?”

ಹೆಂಡತಿಗೆ ಮೂರು, ತಾಯಿಗೆ ನಾಲ್ಕು, ಮಗನಿಗೆ ಹದಿನೇಳು ಎಂದು ಮಕ್ಕಳು ಬೆರಳು ಮಡಿಸಿ ಹೇಳಿದರು.

“ಹೆಂಗಸರಿಬ್ಬರಿಗೂ ಸೇರಿ?”

“ಏಳು, ಹಜರತ್.”

“ಹದಿನಾಲ್ಕರಲ್ಲಿ ಎರಡು ಅಂತ ವಾದ್ಯಾರಿಗೆ ಬರೆದು ಕೊಟ್ಟಿದ್ದೀರಂತೆ. ಅದು ಎಷ್ಟು ಮರ ಆಯ್ತು?”

ಒಬ್ಬ ಎದ್ದು ಭಾಗಿಸಿ ನೋಡಿ, “ಮೂರು ಮರ, ಆಮೇಲೆ ಒಂದು ತುಂಡು,” ಅಂದ.

“ಹಾಗಾದರೆ ಆ ತಾಯಿಯ ಪಾಲಿನ ನಾಲ್ಕು ಮರ ಎಲ್ಲಪ್ಪಾ? ನೀನು ಕದ್ದೆಯಾ?”

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ದಿನದ ನಂತರ ಹದಿನಾಲ್ಕರಲ್ಲಿ ಎರಡು ಎಂದು ಬರೆದವರು ಒಬ್ಬಿಬ್ಬರು ಮಾತ್ರ.

ಡಿಸೆಂಬರಿನಲ್ಲಿ ಉಪವಾಸದ ತಿಂಗಳು ಬಂತು. ದೊಡ್ಡ ಮಕ್ಕಳಲ್ಲಿ ಅನೇಕರು ಉಪವಾಸವಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಒಣಗಿರುತ್ತಿತ್ತು. ಹೆಡ್‌ಮಾಸ್ಟರು ವೇಳಾಪಟ್ಟಿ ಬದಲಿಸಿ ಲೆಕ್ಕವನ್ನು ದಿನದ ಮೊದಲ ಪಾಠ ಮಾಡಿದರು. ನಾನು ಕೇಳದೆಯೇ ಹಜರತ್ತರು ಎಂಟನೇ ತರಗತಿಯವರನ್ನು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಿಡತೊಡಗಿದರು. “ನಿಮ್ಮ ಅರ್ಜಿಯಲ್ಲಿ ಒಂದು ಮಾತು ನಿಜ ಇತ್ತು. ಮಕ್ಕಳಿಗೆ ನಿದ್ದೆ ಸಾಲಲ್ಲ,” ಅಂದರು. ನನ್ನ ತಪ್ಪಿನೊಳಗಿನಿಂದಲೂ ಸರಿಯಾದದ್ದನ್ನು ಹುಡುಕಿ ತೆಗೆದಿಟ್ಟಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಸಾದವರು ಹನ್ನೊಂದು.

ಫೆಬ್ರವರಿಯಲ್ಲಿ ಹೇಳದೆ ಕೇಳದೆ ಇನ್‌ಸ್ಪೆಕ್ಟರು ಬಂದರು. ಪಾಠ ಟಿಪ್ಪಣಿಯಲ್ಲಿ ‘ನಾಲ್ಕನೇ ತರಗತಿಯ ಭಾಗಾಕಾರ’ ಎಂದು ಆರು ವಾರ ಬರೆದಿದ್ದ ಪುಟಗಳ ಮೇಲೆ ಅವರ ಬೆರಳು ನಿಂತಿತು. ಇನ್‌ಸ್ಪೆಕ್ಟರು ಎದ್ದು ಎಂಟನೇ ತರಗತಿಗೆ ಬಂದು, ಬೋರ್ಡಿನ ಮೇಲೆ ಆರರಲ್ಲೊಂದಕ್ಕೆ ಎಂಟರಲ್ಲಿ ಮೂರು ಕೂಡಿಸು ಎಂದು ಬರೆದು, ಕನ್ನಡಕದ ಹುಡುಗಿಯನ್ನು ಏಳಿಸಿದರು.

ಅವಳು ಒಂದು ಕ್ಷಣ ನೋಡಿದಳು. “ಇಪ್ಪತ್ನಾಲ್ಕರಲ್ಲಿ ಹದಿಮೂರು ಸಾರ್.”

“ಇಪ್ಪತ್ನಾಲ್ಕು ಯಾಕೆ? ನಿಯಮ ಹೇಳು.”

“ನಿಯಮ ಅಲ್ಲ ಸಾರ್. ಆರು ಪಾಲೂ ಮಾಡಬೇಕು, ಎಂಟು ಪಾಲೂ ಮಾಡಬೇಕು, ಮರ ಕಡಿಯಬಾರದು. ಹದಿನಾರು ಮರ ಆದರೆ ಆರು ಪಾಲು ಆಗಲ್ಲ. ಹದಿನೆಂಟು ಆದರೆ ಎಂಟು ಪಾಲು ಆಗಲ್ಲ. ಇಪ್ಪತ್ನಾಲ್ಕಕ್ಕೆ ಎರಡೂ ಆಗುತ್ತೆ.”

ಇನ್‌ಸ್ಪೆಕ್ಟರು ಸುಣ್ಣದಕಡ್ಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಇದು ಯಾವ ತರಬೇತಿ ಶಾಲೆಯ ಪದ್ಧತಿ?”

“ಖುರಾನ್ ಪಾಠದ ಹಜರತ್ತರದು ಸಾರ್. ಮಕ್ಕಳನ್ನ ಒಬ್ಬೊಬ್ಬರಾಗಿ ಕೇಳೋದೂ ಅವರದೇ.”

ಅವರು ಇನ್ನೂ ಆರು ಮಕ್ಕಳನ್ನು ಕೇಳಿದರು. ನಾಲ್ವರು ಸರಿಯಾಗಿ ಹೇಳಿದರು. ತಪಾಸಣೆ ಪುಸ್ತಕದಲ್ಲಿ ‘ಸುಧಾರಣೆ ಕಾಣುತ್ತಿದೆ, ಫಲಿತಾಂಶ ನೋಡಿ ತೀರ್ಮಾನಿಸಲಾಗುವುದು’ ಎಂದಷ್ಟೇ ಬರೆದರು. ಹೊರಡುವಾಗ ಮಾತ್ರ ಹೆಡ್‌ಮಾಸ್ಟರ ಹತ್ತಿರ, “ಆ ಭಾಗಾಕಾರದ ಪುಟಗಳಿಗೆ ಸಹಿ ಹಾಕಿದ್ದು ಒಳ್ಳೆಯದಾಯ್ತು,” ಅಂದರಂತೆ. ಇದನ್ನು ಹೆಡ್‌ಮಾಸ್ಟರು ನನಗೆ ಮೂರು ಸಲ ಹೇಳಿದರು.

ಪರೀಕ್ಷೆಯ ಕೇಂದ್ರ ಇನ್ನೊಂದು ಊರಿನ ಶಾಲೆಯಲ್ಲಿತ್ತು. ಏಳು ಹುಡುಗಿಯರನ್ನೂ ಹಜರತ್ತರ ಹೆಂಡತಿ ರಾವುತ್ತರ ಗಾಡಿಯಲ್ಲಿ ದಿನಾ ಕರೆದೊಯ್ದು, ಪರೀಕ್ಷೆ ಮುಗಿಯುವವರೆಗೂ ಹುಣಸೆ ಮರದ ನೆರಳಲ್ಲಿ ಕಾದು ಕೂತು, ಕರೆತಂದರು. ಒಬ್ಬಳೂ ತಪ್ಪಿಸಿಕೊಳ್ಳಲಿಲ್ಲ.

ಫಲಿತಾಂಶ ಬಂದದ್ದು ಬೇಸಿಗೆ ರಜೆಯಲ್ಲಿ. ಪಟ್ಟಿಯನ್ನು ಹೆಡ್‌ಮಾಸ್ಟರು ಎರಡು ಸಲ ಎಣಿಸಿದರು. ಇಪ್ಪತ್ತಮೂರರಲ್ಲಿ ಹದಿನಾರು. ಹುಡುಗಿಯರಲ್ಲಿ ಐವರು, ಕನ್ನಡಕದವಳೂ ಅವರಲ್ಲಿದ್ದಳು. ತರಗತಿಗಳು ಉಳಿದವು. ಹೆಡ್‌ಮಾಸ್ಟರು ನನ್ನ ಕೈ ಹಿಡಿದುಕೊಂಡು ಅಲುಗಿಸಿದರು. ನಾನು ಬಿಸಿಲನ್ನು ಲೆಕ್ಕಿಸದೆ ಹಜರತ್ತರ ಮನೆಗೆ ಓಡಿದೆ.

ಅವರು ಜಗಲಿಯಲ್ಲಿ ಕೂತು ಹರಿದ ಪುಸ್ತಕವೊಂದಕ್ಕೆ ರಟ್ಟು ಅಂಟಿಸುತ್ತಿದ್ದರು. “ಹದಿನಾರು ಹಜರತ್! ಹದಿನಾರು ಮಂದಿ!” ಅಂದೆ. ಅವರು ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿದರು. ಅಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟರು. ನನ್ನ ಅಪ್ಪ ತೀರಿಕೊಂಡ ಮೇಲೆ ಯಾರೂ ಹಾಗೆ ಕೈ ಇಟ್ಟಿರಲಿಲ್ಲ.

ಆಮೇಲೆ ಕೇಳಿದರು, “ಉಳಿದ ಏಳು ಮಂದಿ ಯಾರ್ಯಾರು?”

ನಾನು ಹೆಸರು ಹೇಳತೊಡಗಿದೆ. ಐದು ಹೆಸರು ಬಂದವು. ಇನ್ನೆರಡು ಬರಲಿಲ್ಲ. ಪಾಸಾದವರನ್ನು ಎಣಿಸುವ ಸಂತೋಷದಲ್ಲಿ ಪಟ್ಟಿಯ ಉಳಿದ ಹೆಸರುಗಳ ಮೇಲೆ ನನ್ನ ಕಣ್ಣು ಸರಿಯಾಗಿ ನಿಂತೇ ಇರಲಿಲ್ಲ. ನಾನು ಎದ್ದು ಅದೇ ಬಿಸಿಲಿನಲ್ಲಿ ಶಾಲೆಗೆ ವಾಪಸ್ಸು ಹೋಗಿ, ಏಳು ಹೆಸರನ್ನೂ ಬರೆದುಕೊಂಡು ಬಂದೆ. ಅವರು ಚೀಟಿಯನ್ನು ಓದಿ ಮಡಿಸಿ ಜೇಬಿಗೆ ಹಾಕಿಕೊಂಡು, “ಮಕ್ಕಳಿಗೆ ನಾನು ಹೇಳಿ ಕಳಿಸ್ತೀನಿ. ನಾಳೆ ಬೆಳಿಗ್ಗೆಯಿಂದ ನೀವೂ ಬನ್ನಿ ವಾದ್ಯಾರೇ,” ಅಂದರು.

ಆ ಬೇಸಿಗೆಯೆಲ್ಲ ಆ ಏಳು ಮಕ್ಕಳ ಲೆಕ್ಕ ಕೇಳಲು ಹೋದೆ. ಅದಾದ ಮೇಲೆ ಬೇರೆ ಬೇರೆ ಊರುಗಳಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿದ್ದೇನೆ. ಫಲಿತಾಂಶ ಬಂದ ದಿನ ಎಲ್ಲರೂ ಪಾಸಾದವರನ್ನು ಎಣಿಸುವಾಗ ನಾನು ಒಂದು ಮೂಲೆಯಲ್ಲಿ ಕೂತು ಬಿದ್ದವರ ಹೆಸರುಗಳನ್ನು ಮೊದಲು ಬರೆದುಕೊಳ್ಳುತ್ತಿದ್ದೆ, ಒಂದನ್ನೂ ಬಿಡದೆ.